ನೊಯೆಮಿ ಹೊಲಿದ ಅಂಗಿ

ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡಿನಲ್ಲಿ ಶಾಮಲಾ ಆಂಟಿಯ ಸೀರೆ ಅಂಗಡಿ. ಮುಂದೆ ಗಾಜಿನ ಕಪಾಟುಗಳು, ಹಿಂದೆ ಪರದೆ ಸರಿಸಿದರೆ ಹೊಲಿಗೆಯ ಕೋಣೆ. ಅಲ್ಲಿ ಕಿಟಕಿಯ ಬೆಳಕಿಗೆ ಮಶಿನ್ ಎಳೆದುಕೊಂಡು ದೊನ್ಯಾ ಪಿಫಾ ಬ್ಲೌಸು ಹೊಲಿಯುತ್ತಿದ್ದರು. ನಮ್ಮ ಕಡೆ ಹಿರಿಯರ ಹೆಸರಿಗೆ ‘ಅವ್ವ’ ಸೇರಿಸುವಂತೆ ಅವರಲ್ಲಿ ‘ದೊನ್ಯಾ’ ಸೇರಿಸುತ್ತಾರೆ. ಪೂರ್ತಿ ಹೆಸರು ಎಪಿಫಾನಿಯಾ. ಮೆಕ್ಸಿಕೋದ ಸಕಾತೆಕಾಸ್ ಕಡೆಯವರು. ಸೀರೆಯನ್ನು ಒಮ್ಮೆಯೂ ಉಟ್ಟವರಲ್ಲ. ಆದರೂ ಪೋರ್ಟರ್ ರ್ಯಾಂಚಿನಿಂದ ಟೊರೆನ್ಸಿನವರೆಗೆ ಎಷ್ಟೋ ಕನ್ನಡದ ಮದುವಣಗಿತ್ತಿಯರು ಅವರು ಕತ್ತರಿಸಿದ ಬ್ಲೌಸು ತೊಟ್ಟೇ ಹಸೆಗೆ ಏರಿದವರು. ನಮ್ಮ ಮಾತಿನ ನಾಲ್ಕಾರು ಶಬ್ದ ಅವರಿಗೆ ಬರುತ್ತಿದ್ದವು: ತೋಳು, ದಡಿ, ಸಡಿಲ, ಬಿಗಿ. ಅದರಲ್ಲಿ ‘ಬಿಗಿ’ ಅವರಿಗೆ ಬಹಳ ಇಷ್ಟ. ಗಿರಾಕಿಯ ಹೊಟ್ಟೆಯತ್ತ ನೋಡಿ, ಹುಬ್ಬು ಎತ್ತಿ, ಆ ಒಂದೇ ಶಬ್ದ ಹೇಳಿ ಸುಮ್ಮನಾಗುತ್ತಿದ್ದರು.

ನಾನು ಶನಿವಾರ, ಭಾನುವಾರ ಅವರ ಪಕ್ಕದಲ್ಲಿ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಪ್ರತಿ ಚಳಿಗಾಲದಲ್ಲಿ ಅವರು ಜರಿಯ ದಡಿಯ ಒಂದು ತುಂಡನ್ನು ಕೇಳಿ ಪಡೆಯುತ್ತಿದ್ದರು. ಒಂದು ಗೇಣು ಇದ್ದರೆ ಸಾಕು. ಏನು ಮಾಡುತ್ತೀರಿ ಎಂದರೆ ಬೆರಳನ್ನು ಮೇಲಕ್ಕೆ ತೋರಿಸುತ್ತಿದ್ದರು. ಅಟ್ಟದ ಮೇಲೆ ಇಡುತ್ತಾರೋ, ಆಕಾಶಕ್ಕೆ ಕಳಿಸುತ್ತಾರೋ ನನಗೆ ತಿಳಿಯುತ್ತಿರಲಿಲ್ಲ. ಅದನ್ನು ಬಿಡಿಸಿ ಹೇಳಿದವಳು ನೊಯೆಮಿ.

ನೊಯೆಮಿ ಅವರ ಮೊಮ್ಮಗಳು. ಮೊಮ್ಮಗಳು ಎಂದು ನಾನು ಬರೆಯುತ್ತಿದ್ದೇನೆ. ದೊನ್ಯಾ ಪಿಫಾ ಆಗ ಹಾಗೆ ಹೇಳುತ್ತಿರಲಿಲ್ಲ, ಹಾಗಲ್ಲ ಎಂದೂ ಹೇಳುತ್ತಿರಲಿಲ್ಲ. ಹುಟ್ಟಿದಾಗ ಗಂಡುಮಗು ಎಂದು ಇಟ್ಟ ಹೆಸರೊಂದಿತ್ತು. ಅವಳೇ ಅದನ್ನು ಬಿಟ್ಟ ಮೇಲೆ ನಾನು ಹಿಡಿದುಕೊಂಡು ಏನು ಮಾಡಲಿ, ಇಲ್ಲಿ ಅದನ್ನು ಬರೆಯುವುದಿಲ್ಲ. ತಾಯಿ ಸಣ್ಣಂದಿನಲ್ಲೇ ತೀರಿಕೊಂಡಿದ್ದರಿಂದ ಬೆಳೆಸಿದ್ದು ಅಜ್ಜಿ. ಅಪ್ಪ ರಿಗೊಬೆರ್ತೊ ದೊನ್ಯಾ ಪಿಫಾರ ಮಗ, ಅದೇ ಮನೆಯಲ್ಲಿದ್ದು ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವವರು. ಆ ಮನೆಯಲ್ಲಿ ಎಲ್ಲರ ಕೈಯಲ್ಲೂ ಸೂಜಿ. ಗಂಡಸರದು ರೆಕ್ಸಿನ್ನು, ಚರ್ಮ, ಹೆಂಗಸರದು ಬಟ್ಟೆ. ನೊಯೆಮಿ ಹೊಲಿಗೆ ಕಲಿತದ್ದು ಅಪ್ಪನ ಆ ಭಾರದ ಮಶಿನ್ನಿನ ಮೇಲೆ.

ನೊಯೆಮಿಗೆ ಹದಿನೈದು ತುಂಬಿದ ಮೇಲೆ ಚಿಕ್ಕಪ್ಪನ ಮಗಳೊಬ್ಬಳ ಹುಟ್ಟುಹಬ್ಬದ ಸಮಾರಂಭದಲ್ಲಿ ಸೂಟು ಹಾಕಿ ಹುಡುಗರ ಸಾಲಿನಲ್ಲಿ ನಿಲ್ಲಬೇಕೆಂದು ಅವಳಿಗೆ ಹೇಳಿದರು. ಅವಳು ಆಗುವುದಿಲ್ಲ ಎಂದಳು. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ ಯಾಕೆಂದು ಹೇಳಿಬಿಟ್ಟಳು. ಅಪ್ಪ ಹೊಡೆಯಲಿಲ್ಲ, ಕೂಗಾಡಲಿಲ್ಲ. ಈ ಸೂರಿನ ಕೆಳಗೆ ಅದು ಆಗದು ಎಂದಷ್ಟೇ ಹೇಳಿ ಕೆಲಸಕ್ಕೆ ಹೋದರಂತೆ. ಸಂಜೆ ಅತ್ತೆ ಚೆಲಾ, ಅಂದರೆ ಅಪ್ಪನ ತಂಗಿ, ಸ್ಯಾನ್ ಡಿಯೇಗೋದಿಂದ ಬಂದು ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಅಂದಿನಿಂದ ಅಜ್ಜಿ ಮೊಮ್ಮಗಳು ಸೇರುತ್ತಿದ್ದ ಜಾಗ ನಮ್ಮ ಹೊಲಿಗೆಯ ಕೋಣೆ. ತಿಂಗಳಿಗೆ ಒಂದೋ ಎರಡೋ ಸಲ ಚೆಲಾ ಅವಳನ್ನು ತಂದು ಬಿಡುತ್ತಿದ್ದರು. ಉದ್ದ ಕುತ್ತಿಗೆಯ, ಮೆಲ್ಲಗೆ ನಡೆಯುವ ಹುಡುಗಿ. ಬರುವಾಗ ಕಿವಿಯಲ್ಲಿ ಸಣ್ಣ ಓಲೆ, ಅಜ್ಜಿಯ ಪರದೆ ಸರಿಸುವಾಗ ಆ ಓಲೆ ಇರುತ್ತಿರಲಿಲ್ಲ. ಕೆಲವು ತಿಂಗಳ ನಂತರ ಓಲೆ ಬಿಚ್ಚುವುದನ್ನು ಬಿಟ್ಟಳು. ಅಜ್ಜಿ ಅದನ್ನು ನೋಡಿದರು. ತಮ್ಮ ಡಬ್ಬಿಯಿಂದ ಅವರೆಯಂಥ ಕಾಳಿನ ಪಲ್ಯವನ್ನು ರೊಟ್ಟಿಯಲ್ಲಿ ಸುತ್ತಿ ಕೊಟ್ಟರು. ಹೆಸರು ಹಿಡಿದು ಮಾತ್ರ ಕರೆಯುತ್ತಿರಲಿಲ್ಲ. ಬಾ, ಕೂತ್ಕೋ, ತಿನ್ನು. ಇಷ್ಟರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತಿತ್ತು. ಹೆಸರನ್ನೇ ಎತ್ತದೆ ಒಬ್ಬರನ್ನು ಇಷ್ಟು ಪ್ರೀತಿಸಬಹುದೇ ಎಂದು ನಾನು ಫಾಲ್ ಹಚ್ಚುತ್ತ ಯೋಚಿಸುತ್ತಿದ್ದೆ. ಅಷ್ಟು ಪ್ರೀತಿ ಇದ್ದೂ ಹೆಸರು ಬಾಯಿಗೆ ಬರುವುದಿಲ್ಲವೇ ಎಂದೂ ಅನ್ನಿಸುತ್ತಿತ್ತು.

ಜರಿಯ ತುಂಡಿನ ಕಥೆ ಇದು. ದೊನ್ಯಾ ಪಿಫಾರ ಮನೆಯಲ್ಲಿ ಮೊಳದುದ್ದದ ಒಂದು ಬಾಲಯೇಸು ಇದ್ದಾನೆ. ಅವರ ಊರಿನಿಂದ ಲಂಗದಲ್ಲಿ ಸುತ್ತಿ ಬಸ್ಸಿನಲ್ಲಿ ತಂದದ್ದು. ಎಡಗೈಯ ಒಂದು ಬೆರಳು ಮುಕ್ಕಾಗಿದೆ. ಕ್ರಿಸ್‌ಮಸ್ಸಿಗೆ ಅವನನ್ನು ಗೋದಲಿಯಲ್ಲಿ ಮಲಗಿಸುತ್ತಾರೆ. ಫೆಬ್ರವರಿ ಎರಡರಂದು, ಕಾಂದೆಲಾರಿಯಾ ಎಂಬ ಹಬ್ಬಕ್ಕೆ, ಎಬ್ಬಿಸಿ ಹೊಸ ಅಂಗಿ ತೊಡಿಸಿ ಚರ್ಚಿಗೆ ಒಯ್ಯುತ್ತಾರೆ. ಆ ಅಂಗಿಯ ಅಂಚಿಗೆ ನಮ್ಮ ಅಂಗಡಿಯ ಜರಿ. ಕಂಚಿಯದೋ ಧರ್ಮಾವರದ್ದೋ ದಡಿ ತೊಟ್ಟು ಬಾಲಯೇಸು ನಾರ್ವಾಕಿನ ಚರ್ಚಿನಲ್ಲಿ ಕೂರುತ್ತಿದ್ದ ಎಂದು ತಿಳಿದಾಗ ನನಗೂ ಶಾಮಲಾ ಆಂಟಿಗೂ ಎಷ್ಟೋ ಹೊತ್ತು ನಗು.

ಅಂಗಿ ಹೊಲಿದು ತೊಡಿಸುವವರನ್ನು ಆರಿಸಲು ಒಂದು ಪದ್ಧತಿ ಇದೆ. ಜನವರಿ ಆರರಂದು ಉಂಗುರದಾಕಾರದ ಒಂದು ದೊಡ್ಡ ಸಿಹಿ ಬ್ರೆಡ್ಡು ತರುತ್ತಾರೆ, ರೋಸ್ಕಾ ಅಂತ. ಅದರೊಳಗೆ ಹೆಬ್ಬೆರಳಷ್ಟು ಚಿಕ್ಕ ಗೊಂಬೆಯೊಂದನ್ನು ಹುದುಗಿಸಿರುತ್ತಾರೆ. ಒಬ್ಬೊಬ್ಬರೂ ಚಾಕು ಹಿಡಿದು ತಮ್ಮ ತುಂಡನ್ನು ತಾವೇ ಕತ್ತರಿಸಿಕೊಳ್ಳಬೇಕು. ಬೇರೆ ಮನೆಗಳಲ್ಲಿ ಹೇಗೋ, ದೊನ್ಯಾ ಪಿಫಾರ ಮನೆಯ ಕಟ್ಟು ಹೀಗೆ: ಗೊಂಬೆ ಗಂಡಸಿನ ತುಂಡಿನಲ್ಲಿ ಬಂದರೆ ಅವನು ಕಾಂದೆಲಾರಿಯಾದ ದಿನ ಎಲ್ಲರಿಗೂ ತಮಾಲೆಯ ಊಟ ಹಾಕಿಸಬೇಕು, ತಮಾಲೆ ಎಂದರೆ ಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು. ಹೆಂಗಸಿನ ತುಂಡಿನಲ್ಲಿ ಬಂದರೆ ಅವಳು ಮಗುವಿನ ಮಾದ್ರಿನಾ, ಧರ್ಮತಾಯಿ. ಮೂರು ವರ್ಷ ಅಂಗಿ ಅವಳದೇ. ಆ ಮೂರು ವರ್ಷವಷ್ಟೇ ಅಲ್ಲ, ಮುಂದೆಯೂ ಮನೆಯೊಡತಿಗೂ ಅವಳಿಗೂ ನಮ್ಮ ಬೀಗಿತ್ತಿಯರ ಹಾಗೆ ಒಂದು ನಂಟು. ಜಗಳವಾಡಿದರೂ ಕಳಚಿಕೊಳ್ಳಲು ಬರುವುದಿಲ್ಲ.

ಜನವರಿ ಆರು ದೊನ್ಯಾ ಪಿಫಾ ಹುಟ್ಟಿದ ದಿನವೂ ಹೌದು; ಆ ದಿನದ ಎಪಿಫಾನಿಯಾ ಹಬ್ಬದ ಹೆಸರನ್ನೇ ಅವರಿಗೆ ಇಟ್ಟಿದ್ದಾರೆ. ೨೦೦೭ರಲ್ಲಿ ಅವರು ಮಗನ ಬಳಿ ಒಂದೇ ಒಂದು ಉಡುಗೊರೆ ಕೇಳಿದರು. ಎಲ್ಲರೂ ಮೇಜಿನ ಸುತ್ತ ಇರಬೇಕು. ಎಲ್ಲರೂ ಎಂದರೆ ಯಾರೆಂದು ರಿಗೊಬೆರ್ತೊ ಕೇಳಲಿಲ್ಲ. ಹಾಗೆ ನೊಯೆಮಿ ಬಹಳ ದಿನಗಳ ಮೇಲೆ ಆ ಮನೆಯ ಮೆಟ್ಟಿಲು ಹತ್ತಿದಳು. ಮರುದಿನ ಅಂಗಡಿಗೆ ಬಂದಾಗ ಚೆಲಾ ನಮಗೆ ಹೇಳಿದ್ದು:

ಚಾಕು ಸುತ್ತು ಬಂತು. ನೊಯೆಮಿ ಅಂಜೂರದ ಚೂರಿದ್ದ ಕಡೆ ತೆಳ್ಳಗೆ ಒಂದು ತುಂಡು ಕತ್ತರಿಸಿಕೊಂಡಳು. ಚಾಕುವಿಗೆ ಏನೋ ತಾಗಿತು. ಬ್ರೆಡ್ಡಿನ ನಡುವಿನಿಂದ ಗೊಂಬೆಯ ಬಿಳಿ ಕಾಲು ಕಾಣಿಸಿತು. ಯಾವಾಗಲೂ ಆ ಹೊತ್ತಿಗೆ ಚಪ್ಪಾಳೆ, ಕೂಗು, ನಗು. ಆ ದಿನ ಯಾರೂ ಕೈ ತಟ್ಟಲಿಲ್ಲ. ಚಿಕ್ಕಪ್ಪ ಕಾಫಿಯ ಲೋಟದೊಳಗೆ ನೋಡುತ್ತಿದ್ದರು. ಕೊನೆಗೆ ರಿಗೊಬೆರ್ತೊ, ತಮಾಲೆ ಅಂಗಡಿಯಿಂದ ತರಿಸಿದರಾಯಿತು, ತಾನು ನೋಡಿಕೊಳ್ಳುತ್ತೇನೆ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಮಗುವನ್ನು ಮುಜುಗರದಿಂದ ಪಾರು ಮಾಡುವವರ ದನಿ ಅದು. ಆದರೆ ಆ ಮಾತಿಗೆ ಒಪ್ಪಿದರೆ ಬಂಧುಬಳಗದ ಎದುರು ತನ್ನನ್ನು ಗಂಡಸರ ಕಡೆಗೆ ಸೇರಿಸಿದ ಹಾಗೆ ಎಂದು ನೊಯೆಮಿಗೆ ಗೊತ್ತಿತ್ತು.

“ತಮಾಲೆ ಅಲ್ಲ ಅಪ್ಪ,” ಎಂದಳಂತೆ. “ಅಂಗಿ.”

ಎಲ್ಲರೂ ದೊನ್ಯಾ ಪಿಫಾರ ಕಡೆ ನೋಡಿದರು. ಬಾಲಯೇಸು ಅವರದು; ಹೂಂ ಎನ್ನಬೇಕಾದವರೂ ಅವರೇ, ಊಹೂಂ ಎನ್ನಬೇಕಾದವರೂ ಅವರೇ. ಅವರು ಚಾಕುವನ್ನು ತೆಗೆದುಕೊಂಡು ಒರೆಸಿದರು. ಕಾಂದೆಲಾರಿಯಾ ಇನ್ನೂ ದೂರ ಇದೆ ಎಂದು ಹೇಳಿ ತಟ್ಟೆಗಳನ್ನು ಎತ್ತತೊಡಗಿದರು.

ಚೆಲಾ ಇದನ್ನು ಹೇಳುವಾಗ ಪರದೆಯ ಆಚೆ ಮಶಿನ್ ಓಡುತ್ತಿತ್ತು. ನೊಯೆಮಿ ಕಪಾಟಿನ ಮುಂದೆ ನಿಂತು ಬಿಳಿಯ ಬಟ್ಟೆ ತೋರಿಸು ಎಂದಳು. ಹೊಸ ಮಾದ್ರಿನಾ ಮೊದಲ ವರ್ಷ ಮಗುವಿಗೆ ಬಿಳಿ ಅಂಗಿಯನ್ನೇ ತೊಡಿಸಬೇಕಂತೆ. ನಾನು ಬಿಳಿಗೆ ತೀರ ಹತ್ತಿರದ ಕೆನೆಬಣ್ಣದ ಒಂದು ರೇಷ್ಮೆಯ ಬ್ಲೌಸ್‌ಪೀಸು ತೆಗೆದೆ. ದಡಿಗೆ ಅವಳೇ ಇಳಕಲ್ಲಿನ ಒಂದು ತುಂಡನ್ನು ಆರಿಸಿದಳು, ಗೋಮಿ ದಡಿ. ಜರಿ ಇಲ್ಲದ್ದು, ಗಾಢ ಕೆಂಪು. ಹೊಳೆಯುವುದು ಬೇಡವೇ ಎಂದೆ. ಹೊಳೆದರೆ ಎಲ್ಲರೂ ದಡಿಯನ್ನೇ ನೋಡುತ್ತಾರೆ ಎಂದಳು.

ಅಜ್ಜಿ ಒಪ್ಪದಿದ್ದರೆ ಎಂದು ನಾನು ಕೇಳಿಬಿಟ್ಟೆ. ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆ ನೋಡುತ್ತಿದ್ದಳು.

“ಒಪ್ಪದಿದ್ದರೆ ಇನ್ನು ಆ ಮನೆಗೆ ಹೋಗಲ್ಲ,” ಎಂದಳು. “ಸಿಟ್ಟಿನಿಂದ ಅಲ್ಲ. ಎಷ್ಟು ಸಲ ಅಂತ ಬಾಗಿಲಲ್ಲಿ ನಿಲ್ಲೋದು? ನನಗೂ ಕಾಲು ನೋಯುತ್ತೆ.”

ಶಾಮಲಾ ಆಂಟಿ ಇದನ್ನು ಕೇಳಿಸಿಕೊಂಡರು. ಅವರು ಸವದತ್ತಿಯ ಕಡೆಯವರು, ಯಾರ ಮನೆಯ ಬಾಗಿಲು ಮುಚ್ಚಿದ್ದರೂ ತಾವು ಹೋಗಿ ತಟ್ಟಬೇಕು ಎನ್ನುವ ಸ್ವಭಾವ. “ನಾ ಹೇಳ್ತೇನಿ ತಡಿ,” ಎಂದು ಪರದೆ ಸರಿಸಿ ಒಳಗೆ ಹೋದರು. ದೊನ್ಯಾ ಪಿಫಾರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆಂಟಿಗೆ ಸ್ಪ್ಯಾನಿಷ್ ಬಾರದು. ಚೆಲಾ ಕಾರಿಗೆ ಪೆಟ್ರೋಲ್ ಹಾಕಿಸಲು ಹೋಗಿದ್ದರು. ಹೀಗಾಗಿ ತನ್ನ ಪರವಾಗಿ ಹೇಳುವ ಮಾತನ್ನು ನೊಯೆಮಿಯೇ ಅನುವಾದ ಮಾಡಬೇಕಾಯಿತು.

ಆಂಟಿ ಎಲ್ಲಮ್ಮನ ಜೋಗಪ್ಪಗಳ ವಿಷಯ ಹೇಳಿದರು. ತಮ್ಮ ಊರಿನಲ್ಲಿ ಗಂಡಾಗಿ ಹುಟ್ಟಿ ಸೀರೆ ಉಡುವವರು ಇದ್ದಾರೆ. ಅವರು ದೇವಿಯ ಮಕ್ಕಳು. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಮನೆ ಮುಂದೆ ಬಂದರೆ ತಮ್ಮ ತಾಯಿ ಅವರ ಕಾಲಿಗೆ ನೀರು ಹಾಕಿ ಉಡಿ ತುಂಬಿಸುತ್ತಿದ್ದರು. ಇಂಥ ಮಗು ಹುಟ್ಟಿದ ಮನೆಗೆ ದೇವರೇ ಬಂದ ಹಾಗೆ, ನಿಮ್ಮದು ಪುಣ್ಯದ ಮನೆ ಎಂದು ಮುಗಿಸಿದರು. ನೊಯೆಮಿ ಒಂದೊಂದೇ ವಾಕ್ಯ ತಿರುಗಿಸುತ್ತ ಬಂದಳು. ಕೊನೆಯದರ ಹತ್ತಿರ ನಿಲ್ಲಿಸಿ, ಆಂಟಿಯನ್ನೇ ಕೇಳಿದಳು:

“ಅವರು ಆಮೇಲೆ ತಮ್ಮ ಮನೆಗೆ ವಾಪಸ್ ಹೋಗ್ತಾರಾ?”

ಆಂಟಿ ನನ್ನ ಕಡೆ ನೋಡಿದರು. ಕಾಲಿಗೆ ನೀರು ಹಾಕುವುದನ್ನು ನಾನೂ ನೋಡಿದ್ದೆ. ಪಡಸಾಲೆಯ ಒಳಗೆ ಕರೆದು ಉಣ್ಣಿಸಿದ್ದನ್ನು ನೋಡಿದ ನೆನಪಿಲ್ಲ. ಜೋಗಪ್ಪನೊಬ್ಬ ತಾನು ಹುಟ್ಟಿದ ಮನೆಗೆ ಹಬ್ಬಕ್ಕೆ ಹೋಗುತ್ತಾನೋ ಇಲ್ಲವೋ ಎಂದು ಅಷ್ಟು ವರ್ಷ ಆ ಊರುಗಳಲ್ಲಿದ್ದರೂ ನನಗೆ ಕೇಳಬೇಕೆಂದೇ ಅನ್ನಿಸಿರಲಿಲ್ಲ.

ದೊನ್ಯಾ ಪಿಫಾ ಮಶಿನ್ ನಿಲ್ಲಿಸಿದರು. ಕನ್ನಡಕದ ಮೇಲಿಂದ ಆಂಟಿಯನ್ನು ನೋಡಿ ನಿಧಾನವಾಗಿ ನಾಲ್ಕು ಮಾತು ಹೇಳಿದರು. ನೊಯೆಮಿಗೆ ನಗು ಬಂತು, ಅದನ್ನು ತಡೆದುಕೊಂಡೇ ಹೇಳಿದಳು:

“ಅಜ್ಜಿ ಹೇಳ್ತಾರೆ, ಮನೇಲಿ ಈಗಾಗಲೇ ಒಬ್ಬ ದೇವರಿದ್ದಾನೆ, ಅವನು ಊಟ ಮಾಡಲ್ಲ. ಇನ್ನೊಬ್ಬ ದೇವರು ಬೇಡ. ಊಟ ಮಾಡೋರು ಬೇಕು.”

ಮತ್ತೆ ಮಶಿನ್ ಓಡತೊಡಗಿತು. ಅಂಗಿಯ ಮಾತು ಆ ದಿನ ಮುಂದುವರಿಯಲಿಲ್ಲ. ಮಗುವಿನ ಅಳತೆ ಬೇಕು ಎಂದು ನೊಯೆಮಿ ಮೆಲ್ಲಗೆ ಕೇಳಿದಳು. ಅಳತೆ ಮನೆಯಲ್ಲಿದೆ ಎಂದರು ಅಜ್ಜಿ. ಹಾಗಾದರೆ ಮನೆಗೆ ಬರಲೇ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು, ಬಾಯಿಗೆ ಬರಲಿಲ್ಲ. ಸಂಜೆ ಚೆಲಾರ ಕಾರು ಹತ್ತಿ ಹೊರಟಳು. ಆಂಟಿ ಗಲ್ಲಾದ ಹತ್ತಿರ ಕೂತು, “ನಾ ಏನೋ ಛಲೋದ ಹೇಳಾಕ ಹೋಗಿದ್ದೆ ನೋಡವಾ,” ಎಂದರು. ಛಲೋ ಮಾತೇ ಹೇಳಿದ್ದೀರಿ ಎಂದೆ. “ಹಂಗಲ್ಲ,” ಎಂದು ತಲೆ ಅಲ್ಲಾಡಿಸಿದರು.

ಗೋಮಿ ದಡಿಯನ್ನು ಅವಳು ಕಪಾಟಿನ ಮೇಲೆಯೇ ಮರೆತು ಹೋಗಿದ್ದಳು. ಮುಂದಿನ ವಾರ ಸ್ಯಾನ್ ಡಿಯೇಗೋದಲ್ಲಿ ಕನ್ನಡದವರ ಸಂಕ್ರಾಂತಿ ಕಾರ್ಯಕ್ರಮ. ಸೀರೆಯ ಸ್ಟಾಲ್ ಹಾಕಲು ಆಂಟಿಯ ಜೊತೆ ನಾನೂ ಹೊರಟೆ. ಬಲಗಡೆ ಸಮುದ್ರ ಆಗಾಗ ಕಾಣಿಸಿ ಮರೆಯಾಗುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ದಡಿ ಕೊಡುವ ನೆಪದಲ್ಲಿ ಚೆಲಾರ ಮನೆ ಹುಡುಕಿಕೊಂಡು ಹೋದೆವು. ನೆಪ ಎನ್ನುವುದೇ ಸರಿ. ಅಳತೆ ಇಲ್ಲದೆ ಅಂಗಿಯನ್ನು ಹೇಗೆ ಹೊಲಿಯುತ್ತಾಳೆ ಎಂದು ನೋಡುವ ಕುತೂಹಲ ನನಗೆ ವಾರವಿಡೀ ಇತ್ತು.

ಮನೆ ಬ್ಯಾರಿಯೊ ಲೋಗನ್ ಎಂಬ ಕಡೆ, ಎತ್ತರದ ಸೇತುವೆಯ ಹತ್ತಿರ. ಮೇಲೆ ವಾಹನಗಳ ಸದ್ದು ನಿಲ್ಲದೆ ಬರುತ್ತಿತ್ತು. ಕೆಳಗೆ ಸೇತುವೆಯ ಕಂಬಗಳ ಮೇಲೆಲ್ಲ ಬಣ್ಣದ ಚಿತ್ರಗಳು. ಚೆಲಾ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದವರು. ನೊಯೆಮಿ ಶಾಲೆ ಬಿಟ್ಟ ಮೇಲೆ ನೌಕಾನೆಲೆಯ ಹತ್ತಿರದ ಒಂದು ಹೊಲಿಗೆ ಅಂಗಡಿಗೆ ಹೋಗುತ್ತಿದ್ದಳು. ನಾವಿಕರ ಸಮವಸ್ತ್ರಕ್ಕೆ ಹೆಸರಿನ ಪಟ್ಟಿ ಹೊಲಿಯುವುದು ಅವಳ ಕೆಲಸ. ಅಕ್ಷರ ಒಂದು ನೂಲು ವಾರೆಯಾದರೂ ಅವರು ವಾಪಸ್ ತಂದು ಕೊಡುತ್ತಾರಂತೆ.

ಅಡುಗೆಮನೆಯ ಮೇಜಿನ ಮೇಲೆ ಅಂಗಿ ಅರ್ಧ ಆಗಿತ್ತು. ಪಕ್ಕದಲ್ಲಿ ಟವೆಲ್ಲು ಸುತ್ತಿ ಮಾಡಿದ ಒಂದು ಗೊಂಬೆ. ಅಳತೆಗೆ ಅದನ್ನೇ ಇಟ್ಟುಕೊಂಡಿದ್ದಳು. ಬಾಲಯೇಸುವನ್ನು ಅವಳು ಎಂದೂ ಕೈಯಲ್ಲಿ ಹಿಡಿದಿಲ್ಲ. ಆ ಮನೆಯಲ್ಲಿ ಹುಡುಗರು ಮುಟ್ಟುವಂತಿರಲಿಲ್ಲ. ಪೀಠದ ಕೆಳಗೆ ನಿಂತು ವರ್ಷ ವರ್ಷ ನೋಡಿದ ನೆನಪಿನಿಂದ ಇಷ್ಟು ಉದ್ದ, ಇಷ್ಟು ದಪ್ಪ ಎಂದು ಸುತ್ತಿದ್ದಳು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ್ದಳಂತೆ. ಕೈ ಎತ್ತಿ ಆಶೀರ್ವಾದ ಮಾಡುತ್ತಿದ್ದಾನೋ, ಬರಿದೆ ಚಾಚಿದ್ದಾನೋ ಎಂಬ ಬಗ್ಗೆ ಅವಳಿಗೂ ಚೆಲಾರಿಗೂ ವಾದ. ಚೆಲಾ ಚಾಚಿದ್ದಾನೆ ಎನ್ನುತ್ತಿದ್ದರು. ನೊಯೆಮಿಗೆ ಎತ್ತಿದ ಹಾಗೆ ನೆನಪು.

“ಕೆಳಗಿಂದ ನೋಡಿದರೆ ಎಲ್ಲಾ ಎತ್ತಿದ ಹಾಗೇ ಕಾಣುತ್ತೆ,” ಎಂದರು ಚೆಲಾ.

ಆಂಟಿ ಡಬ್ಬಿ ತೆಗೆದು ಇಬ್ಬರಿಗೂ ಎಳ್ಳುಬೆಲ್ಲ ಕೊಟ್ಟರು. ಕೊಡುವಾಗ ನಮ್ಮ ಕಡೆಯ ಮಾತನ್ನೂ ಹೇಳಿದರು, “ಎಳ್ಳುಬೆಲ್ಲ ತೊಗೊಂಡು ನಾವೂ ನೀವೂ ಎಳ್ಳುಬೆಲ್ಲದ್ಹಂಗ ಇರೋಣು.” ಅರ್ಥ ಹೇಳಿದೆ. ನೊಯೆಮಿ ಅಂಗೈಯಲ್ಲಿನ ಎಳ್ಳನ್ನು ಬಹಳ ಹೊತ್ತು ನೋಡಿದಳು. ಇದನ್ನು ಜಗಳವಾದವರಿಗೂ ಕೊಡುತ್ತೀರಾ ಎಂದಳು. ಅವರಿಗೇ ಮೊದಲು ಕೊಡಬೇಕು ಎಂದರು ಆಂಟಿ. ಇನ್ನಷ್ಟು ಸಿಗುತ್ತದೆಯೇ ಎಂದು ಕೇಳಿ ಒಂದು ಹಿಡಿ ಕಾಗದದಲ್ಲಿ ಕಟ್ಟಿಟ್ಟುಕೊಂಡಳು. ಅದನ್ನು ಯಾರಿಗೆ ಕೊಟ್ಟಳೋ, ತಾನೇ ತಿಂದಳೋ ನಾನು ಕೇಳಲಿಲ್ಲ.

ಕಾಂದೆಲಾರಿಯಾ ಶುಕ್ರವಾರ ಬಂತು. ದೊನ್ಯಾ ಪಿಫಾ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ತಮಾಲೆಯ ಹಿಟ್ಟಿಗೆ ಅವರು ಹಂದಿಯ ಕೊಬ್ಬು ಸೇರಿಸುತ್ತಾರೆ, ನಾವು ತಿನ್ನುವವರಲ್ಲ. ಅದಕ್ಕೇ ನಮಗೆಂದು ಬೆಣ್ಣೆ ಹಾಕಿ, ಒಳಗೆ ಮೆಣಸಿನಕಾಯಿ, ಚೀಸ್ ಇಟ್ಟು ಬೇರೆ ಪಾತ್ರೆಯಲ್ಲಿ ಮಾಡಿಸಿದ್ದರು. ಯಾವುದು ಯಾವುದೆಂದು ತಪ್ಪದಿರಲಿ ಎಂದು ನಮ್ಮವಕ್ಕೆಲ್ಲ ಬ್ಲೌಸಿನ ಕೆಂಪು ದಾರ ಕಟ್ಟಿದ್ದರು.

ನಾರ್ವಾಕಿನ ಆ ಮನೆ ಚಿಕ್ಕದು. ಬಾಗಿಲು ತೆರೆದರೆ ನೇರ ಹಾಲ್. ಮೂಲೆಯಲ್ಲಿ ಹೂವಿನ ನಡುವೆ ಬಾಲಯೇಸು ಹಳೆಯ ಅಂಗಿಯಲ್ಲಿ ಮಲಗಿದ್ದ. ಅವನ ಕೈ ಚಾಚಿತ್ತು, ಎತ್ತಿರಲಿಲ್ಲ. ನಾನು ಮೊದಲು ನೋಡಿದ್ದೇ ಅದನ್ನು. ರಿಗೊಬೆರ್ತೊ, ಅವರ ತಮ್ಮ, ಪಕ್ಕದ ಮನೆಯ ಇಬ್ಬರು ಹಿರಿಯರು ಸೋಫಾದ ಮೇಲೆ ಕೂತಿದ್ದರು. ರಿಗೊಬೆರ್ತೊ ಎದ್ದು ನಮಗೆ ಜಾಗ ಕೊಟ್ಟರು. ದಪ್ಪ ಬೆರಳುಗಳು, ಮೆದು ಮಾತು. ನಾನು ಊಹಿಸಿಕೊಂಡಿದ್ದ ಮನುಷ್ಯ ಅವರಲ್ಲ.

ಐದು ಗಂಟೆಯ ಮೇಲೆ ಚೆಲಾ, ನೊಯೆಮಿ ಬಂದರು. ನೊಯೆಮಿ ನೀಲಿ ಬಣ್ಣದ ಉದ್ದ ಲಂಗ ಹಾಕಿದ್ದಳು. ಕೈಯಲ್ಲಿ ಕಾಗದದ ಚೀಲ. ಚೀಲದಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಅವಳು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಎದ್ದು ಹೋಗಲು ಸುಲಭವಾಗುವಂತೆ, ತುದಿಯಲ್ಲಿ ಕೂತಳು. ಮಾತು ಹವಾಮಾನದ ಮೇಲೆ ಹೋಯಿತು, ರಸ್ತೆಯ ಟ್ರಾಫಿಕ್ಕಿನ ಮೇಲೆ ಹೋಯಿತು. ಅಪ್ಪ ಮಗಳ ಕಡೆ ನೋಡದೆ ಚೆಲಾರ ಕಾರಿನ ಬ್ರೇಕು ಹೇಗಿದೆ ಎಂದು ವಿಚಾರಿಸಿದರು.

ಆಗ ದೊನ್ಯಾ ಪಿಫಾ ಅಡುಗೆಮನೆಯಿಂದ ಬಂದರು. ಏಪ್ರನ್ ಬಿಚ್ಚಿಟ್ಟು, ಕೈ ತೊಳೆದು, ಒಂದು ಬಟ್ಟಲಲ್ಲಿ ಎಣ್ಣೆ, ಹತ್ತಿ ತಂದಿಟ್ಟರು. ಬಾಲಯೇಸುವನ್ನು ಎತ್ತಿ ಮೇಜಿನ ಮೇಲೆ ಹಾಸಿದ ಬಿಳಿ ವಸ್ತ್ರದ ಮೇಲೆ ಮಲಗಿಸಿದರು.

“ಗಂಡಸರು ಹೊರಗೆ,” ಎಂದರು.

ಅಷ್ಟು ಸ್ಪ್ಯಾನಿಷ್ ನನಗೂ ಬರುತ್ತಿತ್ತು. ಮಗುವಿನ ಅಂಗಿ ಬಿಚ್ಚಿ, ಎಣ್ಣೆ ಸವರಿ, ಹೊಸದು ತೊಡಿಸುವಾಗ ಅಲ್ಲಿ ಗಂಡಸರು ಇರಬಾರದು ಎಂದು ಚೆಲಾ ನನ್ನ ಕಿವಿಯಲ್ಲಿ ಹೇಳಿದರು. ಹಿರಿಯರು ಟೋಪಿ ಎತ್ತಿಕೊಂಡು ಹೊರಟರು. ಚಿಕ್ಕಪ್ಪ ಹೊರಟರು. ರಿಗೊಬೆರ್ತೊ ಹೊರಗೆ ಕಾಲಿಟ್ಟು, ಜಾಲರಿಯ ಬಾಗಿಲನ್ನು ಕೈಯಲ್ಲಿ ಹಿಡಿದು ನಿಂತರು. ಅದು ಸ್ಪ್ರಿಂಗಿನ ಬಾಗಿಲು, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಅವರು ಇನ್ನೂ ಒಬ್ಬರು ಬರಲಿದ್ದಾರೆಂದು ಹಿಡಿದಿದ್ದರು.

ನೊಯೆಮಿ ಎದ್ದು ನಿಂತಳು. ಅಪ್ಪ ಹಿಡಿದ ಬಾಗಿಲನ್ನು ನೋಡಿದಳು, ಚೀಲವನ್ನು ಮೇಜಿನ ಅಂಚಿಗೆ ಇಟ್ಟಳು. ಅಂಗಿಯನ್ನು ಬಿಟ್ಟು ತಾನು ಹೋಗುವುದು ಎಂದು ತೀರ್ಮಾನಿಸಿದಂತೆ ಕಂಡಿತು. ಅವಳು ಎರಡು ಹೆಜ್ಜೆ ಇಟ್ಟಳು.

“ನೀನೆಲ್ಲಿಗೆ?” ಎಂದರು ದೊನ್ಯಾ ಪಿಫಾ. ಅವರು ತಲೆ ಎತ್ತಿರಲಿಲ್ಲ, ಹಳೆಯ ಅಂಗಿಯ ಗುಂಡಿ ಬಿಚ್ಚುತ್ತಿದ್ದರು. “ಮಗು ಚಳಿಯಲ್ಲಿದೆ. ಅಂಗಿ ತೊಡಿಸೋರು ಯಾರು, ನಾನಾ?”

ರಿಗೊಬೆರ್ತೊ ಬಾಗಿಲು ಹಿಡಿದೇ ನಿಂತಿದ್ದರು. ಒಳಗಿದ್ದ ತಾಯಿಯನ್ನು ನೋಡಿದರು, ಲಂಗದ ಮೇಲೆ ಅಂಗೈ ಒರೆಸಿಕೊಳ್ಳುತ್ತಿದ್ದ ನೊಯೆಮಿಯನ್ನು ನೋಡಿದರು. ಆಮೇಲೆ ಬಾಗಿಲನ್ನು ಸದ್ದಾಗದ ಹಾಗೆ, ಕೊನೆಯವರೆಗೂ ಕೈಯಲ್ಲೇ ಹಿಡಿದು, ಮುಚ್ಚಿದರು.

ನೊಯೆಮಿ ವಾಪಸ್ ಬಂದಳು. ಅಜ್ಜಿ ಹೇಗೆಂದು ತೋರಿಸಿಕೊಟ್ಟರು: ಹತ್ತಿಯಿಂದ ಮೊದಲು ಹಣೆ, ಆಮೇಲೆ ಕೈ, ಮುಕ್ಕಾದ ಬೆರಳಿನ ಹತ್ತಿರ ನಿಧಾನ. ಆ ಬೆರಳಿಗೆ ಅವಳು ಹತ್ತಿಯ ತುದಿಯನ್ನಷ್ಟೇ ತಾಗಿಸಿದಳು. ಅಂಗಿಯನ್ನು ಚೀಲದಿಂದ ತೆಗೆದಳು. ಕೆನೆಬಣ್ಣದ ರೇಷ್ಮೆ, ಅಂಚಿನಲ್ಲಿ ಕೆಂಪು ಗೋಮಿ, ಎದೆಯ ಮೇಲೆ ಯಾವ ಅಲಂಕಾರವೂ ಇಲ್ಲ. ಚಂದವಿತ್ತು. ತಲೆಯಿಂದ ಇಳಿಸಿದರು, ಕುತ್ತಿಗೆ ಸರಿ ಕೂತಿತು, ಚಾಚಿದ ಕೈ ಮಾತ್ರ ತೋಳಿನೊಳಗೆ ಹೋಗಲಿಲ್ಲ. ಅವಳು ಎತ್ತಿದ ಕೈಗೆ ಕತ್ತರಿಸಿದ್ದಳು.

ದೊನ್ಯಾ ಪಿಫಾ ಅಂಗಿಯನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಎರಡೆರಡು ಸಾಲು, ದಪ್ಪ ದಾರ.

“ಇದೇನು, ಕಾರಿನ ಸೀಟಾ?” ಎಂದರು. “ಇದರ ಮೇಲೆ ಯಾರು ಕೂರ್ತಾರೆ?”

ಚೆಲಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ದೊನ್ಯಾ ಪಿಫಾ ಶಾಮಲಾ ಆಂಟಿಯ ಕಡೆ ತಿರುಗಿ, ಕಂಕುಳನ್ನು ತೋರಿಸಿ, ಹುಬ್ಬೆತ್ತಿ, “ಬಿಗಿ,” ಎಂದರು. ಆಂಟಿಗೂ ತಡೆಯಲಾಗಲಿಲ್ಲ. ನೊಯೆಮಿ ಕೆಂಪಾಗಿ ನಿಂತಿದ್ದಳು. ಆದರೆ ಅದು ನಮ್ಮ ಅಂಗಡಿಯಲ್ಲಿ ಹೊಸ ಹುಡುಗಿಯರು ಬೈಸಿಕೊಂಡು ನಿಲ್ಲುವ ನಿಲುವು. ಅಜ್ಜಿ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಅವಳ ಕೈಗೆ ಕೊಟ್ಟು ಬಿಚ್ಚು ಎಂದರು. ಕಂಕುಳಿಗೆ ಒಂದು ಸಣ್ಣ ಚೌಕ ಸೇರಿಸಿದರೆ ಕೈ ಹೋಗುತ್ತದೆ, ಹೊಸದಾಗಿ ಕತ್ತರಿಸುವುದು ಬೇಡ ಎಂದು ಬೆರಳಿನಿಂದ ಗುರುತು ಮಾಡಿ ತೋರಿಸಿದರು. ಇಬ್ಬರೂ ದೀಪದ ಕೆಳಗೆ ತಲೆಗೆ ತಲೆ ತಾಗುವಷ್ಟು ಬಾಗಿದರು. ನಾನು ದಾರ ಪೋಣಿಸಿ ಕೊಡುತ್ತಿದ್ದೆ. ಇವರಿಬ್ಬರ ನಡುವೆ ಈವರೆಗೆ ಕೇಳದಿದ್ದ ಒಂದೊಂದು ಮಾತು ನಡೆಯುತ್ತಿತ್ತು. ಅಲ್ಲಲ್ಲ, ಹೀಗೆ. ಎಳೀಬೇಡ. ಸೂಜಿ ಬದಲಿಸು. ಎಲ್ಲವೂ ಗದರಿಕೆಯೇ.

ಹೊರಗೆ ಕತ್ತಲಾಯಿತು. ಜಾಲರಿಯ ಬಾಗಿಲನ್ನು ಯಾರೋ ಬೆರಳ ಗಿಣ್ಣಿನಿಂದ ತಟ್ಟಿದರು. ಚರ್ಚಿನ ಪೂಜೆಗೆ ಹೊತ್ತಾಯಿತು, ಆಯಿತೇ ಎಂದು ರಿಗೊಬೆರ್ತೊ ಕೇಳಿದರು.

“ಆಗಿಲ್ಲ,” ಎಂದರು ದೊನ್ಯಾ ಪಿಫಾ, ದಾರವನ್ನು ಹಲ್ಲಿನಿಂದ ಕಡಿಯುತ್ತ. “ನೀನು ಮುಂದೆ ಹೋಗಿ ಜಾಗ ಹಿಡಿ.”

ಹೆಜ್ಜೆಯ ಸದ್ದು ಮೆಟ್ಟಿಲಿನವರೆಗೆ ಹೋಗಿ ವಾಪಸ್ ಬಂತು.

“ಎಷ್ಟು ಜನಕ್ಕೆ?”

“ಇಲ್ಲಿರೋ ಹೆಂಗಸರಿಗೆಲ್ಲ.”

ನೊಯೆಮಿಯ ಸೂಜಿ ನಿಂತಿತು. ಮತ್ತೆ ಚಲಿಸಿತು. ಅಂಗಳದಲ್ಲಿ ಟ್ರಕ್ಕು ಶುರುವಾಗಿ ದೂರ ಹೋದ ಸದ್ದು ಕೇಳಿಸಿತು.

ನಾವು ಚರ್ಚು ಸೇರುವಾಗ ಒಳಗೆಲ್ಲ ಜನ. ಎಲ್ಲರ ತೋಳಲ್ಲೂ ಒಂದೊಂದು ಬಾಲಯೇಸು, ಒಂದೊಂದು ಬಣ್ಣದ ಅಂಗಿ. ಮೇಣದಬತ್ತಿಯ ಬೆಳಕಿನಲ್ಲಿ ತೊಟ್ಟಿಲ ಕೂಸುಗಳ ಸಂತೆಯ ಹಾಗೆ ಇತ್ತು. ನೊಯೆಮಿ ತಮ್ಮ ಮನೆಯ ಮಗುವನ್ನು ಎದೆಗೆ ಒತ್ತಿ ಹಿಡಿದು ಅಜ್ಜಿಯ ಹಿಂದೆ ನಡೆಯುತ್ತಿದ್ದಳು. ಕೆಲವರು ಅವಳನ್ನು ನೋಡಿದರು, ಕೆಲವರು ಎರಡು ಸಲ ನೋಡಿದರು. ಮಧ್ಯದ ಒಂದು ಬೆಂಚಿನ ತುದಿಯಲ್ಲಿ ರಿಗೊಬೆರ್ತೊ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಖಾಲಿ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ಇಟ್ಟಿದ್ದರು: ಜಾಕೆಟ್ಟು, ಹ್ಯಾಟು, ಕೀಲಿಕೈ ಗೊಂಚಲು, ಪ್ರಾರ್ಥನೆಯ ಪುಸ್ತಕ. ತಮಗೆ ತೀರ ಹತ್ತಿರದ ಜಾಗಕ್ಕೆ ಇಡಲು ಏನೂ ಉಳಿದಿರಲಿಲ್ಲವೋ ಏನೋ. ಅಲ್ಲಿ ತಮ್ಮ ಅಂಗೈಯನ್ನೇ ಊರಿಕೊಂಡಿದ್ದರು.

ದೊನ್ಯಾ ಪಿಫಾ ಆಚೆ ತುದಿಯಿಂದ ಒಳಗೆ ಸರಿದು ಜಾಕೆಟ್ಟಿನ ಜಾಗದಲ್ಲಿ ಕೂತರು. ಚೆಲಾ, ಆಂಟಿ, ನಾನು ಒಂದೊಂದನ್ನು ಎತ್ತಿ ಕೂತೆವು. ನೊಯೆಮಿ ಬೆಂಚಿನ ಈ ತುದಿಯ ಹತ್ತಿರ, ಅಪ್ಪನ ಮೊಣಕಾಲ ಮುಂದೆ ನಿಂತಳು. ಅವರು ಪೀಠದ ಕಡೆಯೇ ನೋಡುತ್ತಿದ್ದರು. ಅವಳು ಕಾದಳು. ಗಾಯನ ಶುರುವಾಯಿತು, ಹಿಂದಿನವರು ಕೂತುಕೋ ಎಂದು ಪಿಸುಗುಟ್ಟಿದರು. ರಿಗೊಬೆರ್ತೊ ಅವಳ ತೋಳಲ್ಲಿದ್ದ ಮಗುವಿನ ಅಂಗಿಯನ್ನು ಒಮ್ಮೆ ನೋಡಿ, ಮೊಣಕಾಲು ಸರಿಸಿ ದಾರಿ ಬಿಟ್ಟು, ಬೆಂಚಿನ ಮೇಲಿಂದ ಕೈ ತೆಗೆದರು.